ಕಮಲಾಪುರದ ಕೆಂಪು ಬಾಳೆಗೆ ತಂದೆಯನ್ನು ಹುಡುಕಿ

ಹಾಲೆಂಡಿಗೆ ಹೋಗಿ ಬಂದವರೆಲ್ಲ ಟ್ಯೂಲಿಪ್ ಹೂವಿನ ಬಗ್ಗೆ, ಗಾಳಿಗಿರಣಿಗಳ ಬಗ್ಗೆ ಬರೆಯುತ್ತಾರೆ. ನಾನು ಅಲ್ಲಿದ್ದದ್ದು ಚಳಿಗಾಲದಲ್ಲಿ, ಹೂವು ಇರಲಿಲ್ಲ. ಗಾಳಿಗಿರಣಿಯೊಂದನ್ನು ರೈಲಿನ ಕಿಟಕಿಯಿಂದ ಕಂಡೆ. ಅದು ತಿರುಗುತ್ತಿರಲಿಲ್ಲ. ನಾನು ಅಷ್ಟು ದೂರ ಹೋದದ್ದು ಒಂದು ಬಾಳೆಯೆಲೆಯ ಸಲುವಾಗಿ, ಮತ್ತು ಹೋದಾಗಿನಿಂದ ಬರುವವರೆಗೂ ಹೆಚ್ಚುಕಡಿಮೆ ಸಿಟ್ಟಿನಲ್ಲೇ ಇದ್ದೆ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿದ ಮೇಲೆ ಬರೆದರೆ ಎಲ್ಲರೂ ಒಳ್ಳೆಯವರಾಗಿ ಕಾಣುತ್ತಾರೆ, ಅದಕ್ಕೆ ಈಗಲೇ ಬರೆಯುತ್ತಿದ್ದೇನೆ.

ಕಮಲಾಪುರ

ನಾನು ಕಲಬುರಗಿಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಕಮಲಾಪುರದ ಕೆಂಪು ಬಾಳೆಯ ಮೇಲೆ ಪಿಎಚ್.ಡಿ. ಮಾಡುತ್ತೇನೆಂದು ಹೊರಟು ವರ್ಷಗಳೇ ಆಗಿದ್ದವು. ಎಲೆ ಅಳೆದದ್ದಾಯಿತು, ಗೊನೆ ತೂಗಿದ್ದಾಯಿತು, ಹಣ್ಣಿನ ಸಕ್ಕರೆ ನೋಡಿದ್ದಾಯಿತು. ಉಳಿದದ್ದು ಒಂದೇ ಅಧ್ಯಾಯ. ಈ ಬಾಳೆ ಯಾರ ಕುಲದ್ದು? ಅದಕ್ಕೆ ಬೇಕಾದ ಯಂತ್ರ ನಮ್ಮಲ್ಲಿರಲಿಲ್ಲ.

ಕುಲ ಹುಡುಕುವ ವಿಧಾನವನ್ನು ನಾನು ತರಗತಿಯಲ್ಲಿ ಹೀಗೆ ಹೇಳುತ್ತಿದ್ದೆ. ಪ್ರತಿಯೊಂದು ಜೀವಕೋಶದಲ್ಲೂ ಮೈಟೋಕಾಂಡ್ರಿಯಾ ಎಂಬ ಸಣ್ಣ ಸಣ್ಣ ಒಲೆಗಳಿವೆ. ಉಂಡದ್ದನ್ನು ಉರಿಸಿ ಕಸುವು ಮಾಡುವುದು ಅವುಗಳ ಕೆಲಸ. ಈ ಒಲೆಗಳಿಗೆ ಕೋಶದ ಡಿಎನ್‌ಎ ಅಲ್ಲದೆ ತಮ್ಮದೇ ಆದ ಪುಟ್ಟ ಡಿಎನ್‌ಎ ಇದೆ. ಅದು ತಂದೆತಾಯಿಗಳಿಬ್ಬರಿಂದ ಬೆರೆತು ಬರುವುದಿಲ್ಲ; ಒಬ್ಬರಿಂದಲೇ, ಮನುಷ್ಯರಲ್ಲಾದರೆ ತಾಯಿಯಿಂದಲೇ, ಹಾಗೆಹಾಗೇ ಇಳಿದು ಬರುತ್ತದೆ. ಹಾಗಾಗಿ ಕುದುರೆಗೆ ಕತ್ತೆ ಎಷ್ಟು ಹತ್ತಿರ, ನಾಯಿಗೆ ತೋಳ ಎಷ್ಟು ಹತ್ತಿರ ಎಂದು ತಿಳಿಯಲು ಈ ಒಲೆಯ ಡಿಎನ್‌ಎ ಹೋಲಿಸಿ ನೋಡಿದರೆ ಸಾಕಷ್ಟು ಸುಳಿವು ಸಿಗುತ್ತದೆ.

ನಾವು ತಿನ್ನುವ ಬಾಳೆಗಳಿಗೆಲ್ಲ ಮೂಲ ಎರಡು ಕಾಡುಜಾತಿಗಳು. ಎರಡರಲ್ಲೂ ಹಲ್ಲು ಮುರಿಯುವಂಥ ಬೀಜ. ಒಂದು ಮಲಯದ ಕಡೆಯ ಮಳೆಕಾಡಿನದು. ಇನ್ನೊಂದು ಬಿಸಿಲಿಗೂ ಬರಕ್ಕೂ ಜಗ್ಗದ ಗಟ್ಟಿ ಜಾತಿ. ಕೆಂಪು ಬಾಳೆ ಮೊದಲಿನದರ ಸಂತಾನ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಕಮಲಾಪುರದ ಬಿಸಿಲಿನಲ್ಲಿ, ಆ ಕೆಂಪು ಮಣ್ಣಿನಲ್ಲಿ, ವರ್ಷ ದಾಟಿದರೂ ಗೊನೆ ಬಿಡದೆ ಹಟ ಹಿಡಿದು ನಿಲ್ಲುವ ಈ ಗಿಡದೊಳಗೆ ಗಟ್ಟಿ ಜಾತಿಯ ಒಲೆ ಉರಿಯುತ್ತಿರಬೇಕು ಎಂಬುದು ನನ್ನ ನಂಬಿಕೆಯಾಗಿತ್ತು. ಅದನ್ನೇ ಬರೆದು ಹಾಲೆಂಡಿನ ಪ್ರಯೋಗಾಲಯವೊಂದಕ್ಕೆ ಅರ್ಜಿ ಕಳಿಸಿದ್ದೆ. ಬಡದೇಶದ ಅಧ್ಯಾಪಕರಿಗೆ ಚಳಿಗಾಲದ ತರಬೇತಿ ಅಂತೆ. ಕರೆ ಬಂತು.

ಎಲೆ ತರಲು ಹುಮನಾಬಾದ್ ರಸ್ತೆಯ ಬಸ್ಸು ಹಿಡಿದು ಶರಣಮ್ಮನ ತೋಟಕ್ಕೆ ಹೋದೆ. ಆಕೆ ವಯಸ್ಸಿನಲ್ಲಿ ನನ್ನಷ್ಟೇ. ಗಂಡನಿಗೆ ಪೇಟೆಯ ವ್ಯಾಪಾರ, ತೋಟವೆಲ್ಲ ಈಕೆಯದೇ ಕಾರುಬಾರು. ನಾನು ಎಳೆಯ ಎಲೆ ಕತ್ತರಿಸಿ, ತೇವ ಹೀರುವ ಹರಳು ತುಂಬಿದ ಚೀಲದಲ್ಲಿ ಇಡುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಇಷ್ಟ್ ಸಣ್ಣ ತುಕಡಿ ಒಯ್ದು ಏನ್ ನೋಡ್ತೀರಿ ಬಾಯಾರ? ಒಂದು ಗೊನಿ ಒಯ್ರಿ. ತಿಂದು ನೋಡ್ಲಿ ಅವ್ರು."

"ಹಣ್ಣ ಒಯ್ಯಾಕ ಬಿಡೂದಿಲ್ಲ ಶರಣಮ್ಮ. ಎಲಿ ನೋಡಿ, ಈ ಬಾಳಿ ಯಾವ ಮನಿತನದ್ದು ಅಂತ ಹೇಳ್ತಾರ."

"ಯಾವ ಮನಿತನದ್ದು ಅಂದ್ರ? ಕಮಲಾಪುರದ್ದು," ಎಂದಳು, ಇದೇನು ಕೇಳುವ ಮಾತೇ ಎಂಬಂತೆ. "ಹೋಗಿ ಬರ್ರಿ. ಏನ್ ಅಂದ್ರು ಅಂತ ಬಂದು ನಮಗ ಹೇಳಬೇಕು ಮತ್ತ."

ಮುಂಬೈ

ಮುಂಬೈ ವಿಮಾನನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನನ್ನ ಚೀಲ ಬಿಚ್ಚಿಸಿದ. ಚಟ್ನಿಪುಡಿ, ಮೆಂತ್ಯದ ಹಿಟ್ಟು, ಒಣಗಿಸಿದ ಜೋಳದ ಕಟಿರೊಟ್ಟಿಯ ಡಬ್ಬಿ ಎಲ್ಲವನ್ನೂ ದಾಟಿ ಅವನ ಕೈ ಸರಿಯಾಗಿ ಎಲೆಯ ಪೊಟ್ಟಣದ ಮೇಲೆ ಹೋಯಿತು. ಮೂಸಿದ. ಒಣಗಿದ ಹಸಿರು ಎಲೆ, ಜೊತೆಗೆ ಹರಳು.

"ಇದೇನು?" ಎಂದು ಹಿಂದಿಯಲ್ಲಿ ಕೇಳಿದ.

"ಬಾಳೆಯೆಲೆ."

"ಬಾಳೆಯೆಲೆ ತೆಗೆದುಕೊಂಡು ವಿದೇಶಕ್ಕೆ ಹೋಗುತ್ತೀರಾ? ಊಟಕ್ಕಾ?" ಎಂದು ಪಕ್ಕದವನ ಕಡೆ ನೋಡಿ ನಕ್ಕ. ಕಾಗದಪತ್ರ ತೋರಿಸಿದೆ. ಅವನು ಓದಲಿಲ್ಲ. ನಾನು ಬೇಡ ಬೇಡ ಎನ್ನುವುದರೊಳಗೆ ಚೀಲಗಳನ್ನು ಹರಿದು ಹರಳನ್ನೆಲ್ಲ ಒಂದು ತಟ್ಟೆಗೆ ಸುರಿದ, ಬೆರಳಾಡಿಸಿ ನೋಡಿದ, ನಂತರ ತಟ್ಟೆಯನ್ನು ಕಸದ ಬುಟ್ಟಿಗೆ ಬೋರಲು ಹಾಕಿದ. ಎಲೆಗಳನ್ನು ಮಾತ್ರ ದೊಡ್ಡ ಉಪಕಾರ ಮಾಡಿದವನಂತೆ ವಾಪಸ್ಸು ಕೊಟ್ಟ.

ನಮ್ಮ ಮನೆಯಲ್ಲಿ ಅರ್ಧ ಮಾತು ಮರಾಠಿಯೇ. ಸಿಟ್ಟು ಬಂದಾಗಂತೂ ಪೂರ್ತಿ ಮರಾಠಿ. "ಲಾಜ್ ನಾಹೀ ವಾಟತ್ ತುಮ್ಹಾಲಾ?" ನಾಚಿಕೆಯಾಗುವುದಿಲ್ಲವೇ ನಿಮಗೆ ಎಂದು ಕೂಗಿದೆ. ಅವನ ಮುಖ ತಟ್ಟನೆ ಅರಳಿತು. "ಅರೇ, ಅಕ್ಕಾ, ನೀವು ನಮ್ಮವರೇ!" ಎಂದು ನನ್ನ ಪೆಟ್ಟಿಗೆಯನ್ನು ತಾನೇ ಕಟ್ಟಿ ಕೊಟ್ಟು, ಸುಖಪ್ರಯಾಣ ಕೋರಿದ. ನನ್ನ ಅಧ್ಯಾಯವನ್ನು ಬುಟ್ಟಿಗೆ ಹಾಕಿದವನಿಂದ ಸುಖಪ್ರಯಾಣ! ಆಕಾಶದಲ್ಲಿದ್ದಷ್ಟು ಹೊತ್ತೂ ಅವನಿಗೆ ಹೇಳಬೇಕಾಗಿದ್ದ ಮಾತುಗಳನ್ನು ಜೋಡಿಸುತ್ತ ಹೋದೆ.

ಮೀನ್ ಅವರ ಮನೆ

ನನಗೆ ಕೋಣೆ ಕೊಟ್ಟ ಹಿರಿಯ ಹೆಂಗಸಿನ ಹೆಸರು ಮೀನ್. ವೈಷ್ಣವರ ಮನೆಯ ಹೆಣ್ಣು ಮೂರು ಹೊತ್ತೂ "ಮೀನ್, ಮೀನ್" ಎಂದು ಕರೆಯಬೇಕಾಗಿ ಬಂದದ್ದನ್ನು ಊರಿಗೆ ಬರೆದಾಗ ನಮ್ಮ ಅತ್ತೆ ಪತ್ರ ಪೂರ್ತಿ ಓದಿಸಿಕೊಳ್ಳಲಿಲ್ಲವಂತೆ.

ಮೀನ್ ಒಳ್ಳೆಯವರು, ಅಚ್ಚುಕಟ್ಟು. ಅವರ ಮನೆಯ ದೊಡ್ಡ ಕಿಟಕಿಗೆ ಪರದೆಯೇ ಇರಲಿಲ್ಲ. ಬೀದಿಯಲ್ಲಿ ಯಾವ ಮನೆಗೂ ಇರಲಿಲ್ಲ. ಹೋಗುಬರುವವರಿಗೆಲ್ಲ ನೀವು ಏನು ಉಣ್ಣುತ್ತಿದ್ದೀರಿ ಎಂದು ಕಾಣುತ್ತದೆ. ಆದರೆ ಒಬ್ಬರೂ ನೋಡುವುದಿಲ್ಲ. ಕಲಬುರಗಿಯಲ್ಲಿ ನಮ್ಮ ಐವಾನ್-ಎ-ಶಾಹಿ ಬಡಾವಣೆಯ ಕಡೆ ಆಳೆತ್ತರ ಗೋಡೆ ಕಟ್ಟಿದರೂ ಯಾರ ಮನೆಯಲ್ಲಿ ಯಾವ ಪಲ್ಯ ಎಂಬುದು ಓಣಿಗೆಲ್ಲ ಗೊತ್ತಿರುತ್ತದೆ. ಅಲ್ಲಿ ಕಿಟಕಿ ತೆರೆದಿದೆ, ಬಾಗಿಲು ಮುಚ್ಚಿದೆ. ಬೀದಿಯಿಂದ ಪೂರಾ ಕಾಣಿಸುತ್ತ ಕೂತ ನೆರೆಯವರ ಮನೆಗೆ ಹೋಗಬೇಕಾದರೂ ಮುಂದಿನ ವಾರದ ಒಂದು ದಿನ ಗೊತ್ತು ಮಾಡಿಕೊಳ್ಳಬೇಕು.

ಹೋದ ಮೂರ್ನಾಲ್ಕು ದಿನಕ್ಕೆ ಮೀನ್ ನನ್ನ ಹುಟ್ಟಿದ ದಿನ ಕೇಳಿದರು. ಹೇಳಿದೆ. ಮರುದಿನ ಶೌಚಾಲಯಕ್ಕೆ ಹೋದರೆ ಅಲ್ಲಿ ಎದುರು ಗೋಡೆಯ ಮೇಲೆ ತೂಗುಹಾಕಿದ್ದ ಒಂದು ಕ್ಯಾಲೆಂಡರಿನಲ್ಲಿ ನನ್ನ ಹೆಸರು! ದುಂಡಗಿನ ಅಕ್ಷರದಲ್ಲಿ, ನೀಲಿ ಶಾಯಿಯಲ್ಲಿ. ಹೊರಗೆ ಬಂದವಳೇ ಕೇಳಿದೆ: "ನನ್ನ ಹೆಸರನ್ನು ಅಲ್ಲಿ ಯಾಕೆ ಬರೆದಿರಿ? ನಾನು ಏನು ತಪ್ಪು ಮಾಡಿದೆ?"

ಮೀನ್ ಕಂಗಾಲಾದರು. ಅದು ಹುಟ್ಟುಹಬ್ಬದ ಕ್ಯಾಲೆಂಡರು, ಆ ದೇಶದಲ್ಲಿ ಎಲ್ಲರೂ ಅದನ್ನು ಅಲ್ಲಿಯೇ ಹಾಕುತ್ತಾರೆ, ಅವರ ಮಕ್ಕಳು ಮೊಮ್ಮಕ್ಕಳು, ತೀರಿಹೋದ ಗಂಡ ಎಲ್ಲರೂ ಅಲ್ಲಿಯೇ ಇದ್ದಾರೆ ಎಂದರು. "ದಿನಾ ತಪ್ಪದೆ ಕೂತು ನೋಡುವ ಜಾಗ ಅದೊಂದೇ ಅಲ್ಲವೇ? ಅಲ್ಲಿದ್ದರೆ ಯಾರನ್ನೂ ಮರೆಯುವುದಿಲ್ಲ." ನಾನು ಹೆಸರು ತೆಗೆಯಿರಿ ಎಂದೆ. ಅವರು, ಒಮ್ಮೆ ಬರೆದದ್ದನ್ನು ಹೊಡೆದುಹಾಕುವುದು ಅಪಶಕುನ ಎಂದರು. ಇಂಥದ್ದೊಂದು ಮಾತನ್ನು ಯುರೋಪಿನಲ್ಲಿ ಕೇಳುತ್ತೇನೆಂದು ಅಂದುಕೊಂಡಿರಲಿಲ್ಲ. ಹೆಸರು ಅಲ್ಲೇ ಉಳಿಯಿತು.

ಪ್ರಯೋಗಾಲಯ

ಪ್ರಯೋಗಾಲಯದ ಮುಖ್ಯಸ್ಥರು ಹೆಂಡ್ರಿಕ್ ಎಂಬ ಪ್ರೊಫೆಸರು. ಎಲ್ಲರೂ, ಮಹಡಿ ಗುಡಿಸುವವರೂ ಸಹ, ಅವರನ್ನು ಹೆಂಕ್ ಎಂದೇ ಕರೆಯುತ್ತಿದ್ದರು. ಆರೂವರೆ ಅಡಿ ಎತ್ತರ, ಸೈಕಲ್ ಮೇಲೆ ಬರುತ್ತಿದ್ದರು. ನನ್ನ ಹೆಸರು ವತ್ಸಲಾ. ಅವರ ಬಾಯಲ್ಲಿ ಅದು ಫತ್ಸಲಾ ಆಯಿತು.

ನಾನು ಪೊಟ್ಟಣ ಬಿಚ್ಚಿ ಎಲೆ ತೋರಿಸಿದೆ. ದಾರಿಯಲ್ಲಿ ತೇವ ಹಿಡಿದು ಅವು ಹಳೆಯ ಚಹಾಪುಡಿಯ ಬಣ್ಣಕ್ಕೆ ತಿರುಗಿದ್ದವು. ಹೆಂಕ್ ಒಂದು ನೋಟ ನೋಡಿ, "ಇದರಲ್ಲಿ ಏನೂ ಉಳಿದಿರುವುದಿಲ್ಲ. ಪರವಾಗಿಲ್ಲ, ಇದು ಬೇಕಾಗಿಯೂ ಇಲ್ಲ. ಕೆಂಪು ಬಾಳೆ ನಮ್ಮಲ್ಲಿ ಇದೆ" ಎಂದರು.

ಕರೆದುಕೊಂಡು ಹೋಗಿ ತೋರಿಸಿದರು. ಹೊರಗೆ ನೀರು ಹೆಪ್ಪುಗಟ್ಟಿತ್ತು. ಗಾಜಿನ ಮನೆಯೊಳಗೆ ನಮ್ಮ ಶ್ರಾವಣದ ಸೆಕೆ. ಸಾಲಾಗಿ ನಿಂತ ಬಾಳೆಗಿಡಗಳಲ್ಲಿ ಒಂದರ ದಿಂಡು ಕೆಂಪಗಿತ್ತು. ಎಲೆಗಳು ಮಾತ್ರ ವಿಚಿತ್ರವಾಗಿ ಕಂಡವು. ಏನೆಂದು ಆಮೇಲೆ ಹೊಳೆಯಿತು: ಒಂದು ಎಲೆಯೂ ಹರಿದಿರಲಿಲ್ಲ. ಗಾಳಿಯನ್ನೇ ಕಾಣದ ಬಾಳೆ. ಯಾವುದೋ ದ್ವೀಪದಿಂದ ಬಹಳ ಹಿಂದೆ ತಂದದ್ದಂತೆ.

"ಕೆಂಪು ಎಂದರೆ ಕೆಂಪು. ಜಗತ್ತಿನಲ್ಲೆಲ್ಲ ಅದು ಒಂದೇ. ನಿಮ್ಮದನ್ನು ಬೇರೆ ಓಡಿಸುವ ಅಗತ್ಯವಿಲ್ಲ," ಎಂದರು ಹೆಂಕ್. "ನೀವು ವಿಧಾನ ಕಲಿಯಿರಿ. ನಮ್ಮ ಮಾದರಿಗಳ ಮೇಲೇ ಕಲಿಯಬಹುದು."

ಓಡಿಸುವುದು ಎಂದರೆ ಹೀಗೆ. ಎಲೆಯಿಂದ ಡಿಎನ್‌ಎ ತೆಗೆದು, ಕಿಣ್ವದಿಂದ ತುಂಡರಿಸಿ, ಲೋಳೆಯಂಥ ಹಲಗೆಯೊಂದರ ತುದಿಯ ಕುಳಿಯಲ್ಲಿ ಹಾಕಿ ವಿದ್ಯುತ್ ಹರಿಸಿದರೆ ಸಣ್ಣ ತುಂಡು ಮುಂದೆ, ದೊಡ್ಡ ತುಂಡು ಹಿಂದೆ ಓಡುತ್ತವೆ. ಅವುಗಳಲ್ಲಿ ಮೈಟೋಕಾಂಡ್ರಿಯಾದ ತುಂಡುಗಳನ್ನು ಮಾತ್ರ ಗುರುತು ಹಚ್ಚಿ ಫಿಲಂ ಮೇಲೆ ಮೂಡಿಸಿದರೆ ಕಪ್ಪು ಪಟ್ಟಿಗಳ ಒಂದು ಸಾಲು ಸಿಗುತ್ತದೆ. ಒಂದೊಂದು ಜಾತಿಗೆ ಒಂದೊಂದು ಬಗೆಯ ಸಾಲು. ಸಾಲು ಹೋಲಿಸಿದರೆ ಸಂಬಂಧ ತಿಳಿಯುತ್ತದೆ. ಹಲಗೆಯ ಮೇಲೆ ಕುಳಿಗಳು ಕೆಲವೇ. ಕಮಲಾಪುರಕ್ಕೆ ಅದರಲ್ಲಿ ಜಾಗವಿಲ್ಲ ಎಂದು ಅವರು ಹೇಳಿದ್ದು.

ಆ ವಾರವೇ ನಾನು ನನ್ನ ಕೆಲಸದ ಬಗ್ಗೆ ಎಲ್ಲರ ಮುಂದೆ ಮಾತಾಡಬೇಕಿತ್ತು. ಚೆನ್ನಾಗಿ ತಯಾರಾಗಿ ಹೋದೆ. ಮೈಟೋಕಾಂಡ್ರಿಯಾ ತಾಯಿಯಿಂದ ಬರುತ್ತದೆ, ಹಾಗಾಗಿ ಕಮಲಾಪುರದ ಬಾಳೆಯ ತಾಯಿ ಯಾರೆಂದು ನಾನು ಹುಡುಕುತ್ತಿದ್ದೇನೆ ಎಂದು ಶುರು ಮಾಡಿದೆ. ಕೇಳುತ್ತಿದ್ದವರು ತಮ್ಮ ಕಾಫಿಯ ಬಟ್ಟಲು ನೋಡತೊಡಗಿದರು. ಹಿಂದಿನಿಂದ ಒಬ್ಬ ನಕ್ಕ.

ಹೆಂಕ್ ಕುಳಿತಲ್ಲಿಂದಲೇ ಹೇಳಿದರು: "ಫತ್ಸಲಾ, ಬಾಳೆ ಒಂದು ಅಪವಾದ. ಅದರಲ್ಲಿ ಮೈಟೋಕಾಂಡ್ರಿಯಾ ತಂದೆಯಿಂದ ಬರುತ್ತದೆ, ಪರಾಗದಿಂದ. ಇದು ಪ್ರಕಟವಾಗಿ ಕೆಲವು ವರ್ಷಗಳಾದವು."

ನಮ್ಮ ಗ್ರಂಥಾಲಯಕ್ಕೆ ವಿದೇಶದ ಪತ್ರಿಕೆಗಳು ನಿಂತು ಎಷ್ಟೋ ಕಾಲವಾಗಿತ್ತು. ಬೇಕು ಎಂದು ನಾನು ಕೇಳಿದಾಗಲೆಲ್ಲ, "ಪಠ್ಯಪುಸ್ತಕದಾಗ ಇಲ್ದಿದ್ದು ನಿಮಗ್ಯಾಕ್ರಿ ಮೇಡಂ?" ಎಂದು ಕಳಿಸಿದವರೆಲ್ಲರ ಮುಖ ಕಣ್ಣ ಮುಂದೆ ಬಂತು. ಮಾತು ಹೇಗೋ ಮುಗಿಸಿ ಹೊರಗೆ ಬಂದೆ. ಮೊದಲು ನಾಚಿಕೆಯಾಯಿತು. ಆಮೇಲೆ ಒಂದು ಸಂಗತಿ ತಲೆಗೆ ಬಂತು, ನಾಚಿಕೆಯೆಲ್ಲ ಹಾರಿಹೋಯಿತು. ತಾಯಿ ಎಂಬ ಮಾತು ನನ್ನ ಅರ್ಜಿಯ ಮೊದಲ ಪುಟದಲ್ಲೇ ಇತ್ತು! ಇವರು ಅದನ್ನು ಓದಿದ್ದರೆ ತಪ್ಪು ಎಂದು ಆಗಲೇ ಬರೆಯಬೇಕಿತ್ತು. ಓದದಿದ್ದರೆ ನನ್ನನ್ನು ಯಾಕೆ ಕರೆಸಿದರು?

ಭೇಟಿಯ ಹೊತ್ತು

ನನ್ನ ಜೊತೆ ತರಬೇತಿಗೆ ಬಂದಿದ್ದವಳು ಉಗಾಂಡಾದ ಗ್ರೇಸ್. ಅವರ ದೇಶದಲ್ಲಿ ಬಾಳೆ ಹಣ್ಣಲ್ಲ, ಊಟ. ನಮಗೆ ಜೋಳ ಹೇಗೋ ಹಾಗೆ. ಊಟದ ಹೊತ್ತಿನಲ್ಲಿ ಅಲ್ಲಿಯವರು ತಣ್ಣನೆಯ ಬ್ರೆಡ್ಡು, ಚೀಸು ತಿಂದು, ಅದರ ಮೇಲೆ ಒಂದು ಲೋಟ ತಣ್ಣನೆಯ ಹಾಲು ಕುಡಿದು ತೃಪ್ತರಾಗುವುದನ್ನು ನಾವಿಬ್ಬರೂ ಒಂದೇ ಬಗೆಯ ಸಂಕಟದಿಂದ ನೋಡುತ್ತಿದ್ದೆವು. ನನ್ನ ಕಟಿರೊಟ್ಟಿ, ಚಟ್ನಿಪುಡಿ ಆಕೆಗೆ ಬಹಳ ಸೇರಿತು.

"ನನ್ನ ಅರ್ಜಿಯನ್ನೂ ಓದಿಲ್ಲ," ಎಂದಳು ಗ್ರೇಸ್. "ನಮ್ಮ ಊರಿನ ಬಾಳೆಗೆ ನಮ್ಮ ಅಜ್ಜಿಯಂದಿರು ಇಟ್ಟ ಹೆಸರುಗಳಿವೆ. ಇಲ್ಲಿ ಅವೆಲ್ಲ ಸಂಖ್ಯೆ. ನಾನು ಕೇಳಲಿಲ್ಲ. ಕೇಳಿದರೆ ಮುಂದಿನ ಸಲ ಕರೆಯುವುದಿಲ್ಲವೇನೋ ಎಂದು ಸುಮ್ಮನಿದ್ದೆ."

"ಮುಂದಿನ ಸಲ ಯಾರಿಗೆ ಬೇಕು?" ಎಂದು ನಾನು ಎದ್ದು ನೇರ ಹೆಂಕ್ ಅವರ ಕೋಣೆಗೆ ಹೋದೆ. ಬಾಗಿಲ ಮುಂದೆ ಕೂತ ಹೆಂಗಸು ತಡೆದಳು. ಭೇಟಿಗೆ ಮುಂದಿನ ಗುರುವಾರ ಮಧ್ಯಾಹ್ನ ಇಪ್ಪತ್ತು ನಿಮಿಷ ಬಿಡುವಿದೆ ಎಂದಳು. ಒಳಗೆ, ಗಾಜಿನಾಚೆ, ಹೆಂಕ್ ಕಿತ್ತಳೆ ಸುಲಿಯುತ್ತ ಕೂತಿದ್ದು ನನಗೆ ಕಾಣುತ್ತಿತ್ತು! ನಮ್ಮ ಕಾಲೇಜಿನಲ್ಲಾದರೆ ಪ್ರಿನ್ಸಿಪಾಲರು ಊಟಕ್ಕೆ ಕೂತಾಗಲೂ ಜನ ಒಳಗೆ ನುಗ್ಗಿ, "ಉಣ್ರಿ ಸಾಹೇಬ್ರ, ಉಣ್ಣೂತ ಕೇಳ್ರಿ" ಎಂದು ತಮ್ಮ ತಕರಾರು ಹೇಳುತ್ತಾರೆ. ಒಂದು ವಾರ ಸಿಟ್ಟನ್ನು ಆರದಂತೆ ಕಾಯ್ದಿಡುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಕಾಯ್ದಿಟ್ಟೆ.

ಗುರುವಾರ ಒಳಗೆ ಹೋದವಳೇ ಕೂರದೆ ಹೇಳಿದೆ: "ನೀವು ನನ್ನ ಅರ್ಜಿ ಓದಿದ್ದಿರಾ?"

ಹೆಂಕ್ ಸ್ವಲ್ಪ ಯೋಚಿಸಿ, "ಇಲ್ಲ," ಎಂದರು. "ಭಾರತದಿಂದ ಒಬ್ಬರನ್ನು ತೆಗೆದುಕೊಳ್ಳಬೇಕಿತ್ತು. ನಿಮ್ಮದು ಬಾಳೆ ಎಂದಿತ್ತು. ಅಷ್ಟು ಸಾಕಾಯಿತು."

ಒಂದು ಸುಳ್ಳನ್ನಾದರೂ ಹೇಳಬಾರದಿತ್ತೇ ಎನಿಸಿತು. ನನ್ನ ಬಾಯಿಗೆ ಕಟ್ಟು ಉಳಿಯಲಿಲ್ಲ. "ಓದದೆ ನನ್ನನ್ನು ಕರೆಸಿದಿರಿ. ನೋಡದೆ ನನ್ನ ಬಾಳೆ ನಿಮ್ಮ ಬಾಳೆಯೇ ಎಂದಿರಿ. ನನ್ನ ತಪ್ಪನ್ನು ಎಲ್ಲರ ಮುಂದೆ ತಿದ್ದಿದಿರಿ. ಅದು ಸರಿ, ತಪ್ಪು ತಪ್ಪೇ. ಆದರೆ ನಾನು ಗೊತ್ತಿಲ್ಲದೆ ತಪ್ಪಿದೆ, ಯಾಕೆಂದರೆ ನನಗೆ ಓದಲು ಸಿಗಲಿಲ್ಲ. ನಿಮ್ಮ ಮೇಜಿನ ಮೇಲೆ ಎಲ್ಲ ಇದೆ, ನೀವು ಓದಲಿಲ್ಲ. ನಮ್ಮಿಬ್ಬರಲ್ಲಿ ವಿಜ್ಞಾನಕ್ಕೆ ಯಾರು ಹೆಚ್ಚು ಅಪಮಾನ ಮಾಡಿದರು? ನಾನು ಇಲ್ಲಿಗೆ ಹಲಗೆಗೆ ಲೋಳೆ ಸುರಿಯುವುದನ್ನು ಕಲಿಯಲು ಬಂದಿಲ್ಲ. ಒಂದು ಪ್ರಶ್ನೆ ಹಿಡಿದು ಬಂದಿದ್ದೇನೆ. ಅದಕ್ಕೆ ಉತ್ತರ ತೆಗೆದುಕೊಂಡು ಹೋಗುತ್ತೇನೆ."

ಮರುದಿನವೇ ವಾಪಸ್ಸು ಕಳಿಸುತ್ತಾರೆಂದು ಖಾತ್ರಿಯಾಗಿತ್ತು. ಹೆಂಕ್ ನನ್ನನ್ನು ದಿಟ್ಟಿಸಿ ನೋಡಿ, ಮುಖವೆಲ್ಲ ಹಿಗ್ಗಿ, "ಚೆನ್ನಾಗಿ ಹೇಳಿದಿರಿ!" ಎಂದರು. "ಇಲ್ಲಿಗೆ ಬರುವವರು ಎಲ್ಲದಕ್ಕೂ ಹೌದು ಹೌದು ಎನ್ನುತ್ತಾರೆ. ಅವರು ಏನು ಯೋಚಿಸುತ್ತಾರೆಂದೇ ನನಗೆ ತಿಳಿಯುವುದಿಲ್ಲ. ಒಳ್ಳೆಯ ಎಲೆ ತರಿಸಿಕೊಳ್ಳಿ, ಒಂದು ಕುಳಿ ಕೊಡುತ್ತೇನೆ." ಗಡಿಯಾರ ನೋಡಿ, "ಇನ್ನೂ ಹನ್ನೆರಡು ನಿಮಿಷ ಉಳಿದಿದೆ. ಕಾಫಿ?" ಎಂದರು.

ನೋಡಿ, ಆ ದೇಶದಲ್ಲಿ ಬೈದರೂ ಸುಖವಿಲ್ಲ. ಬೈಸಿಕೊಂಡವರು ನೊಂದುಕೊಳ್ಳುವುದಿಲ್ಲ. ನಮ್ಮಲ್ಲಿ ಇದರ ಅರ್ಧ ಮಾತಾಡಿದ್ದರೆ ಎರಡು ತಲೆಮಾರಿನವರೆಗೆ ಮಾತು ಬಿಡುತ್ತಿದ್ದರು. ನಾನು ಕಾಫಿ ಕುಡಿಯದೆ ಎದ್ದು ಬಂದೆ.

ಫೋನು

ಮನೆಗೆ ಫೋನು ಮಾಡಿದೆ. ನನ್ನ ಗಂಡ ಶ್ರೀನಿವಾಸ ಹೈಸ್ಕೂಲಿನ ಗಣಿತದ ಮಾಸ್ತರರು. ಬಾಳೆಯೆಲೆಯಲ್ಲಿ ಊಟ ಮಾಡಿ ಗೊತ್ತೇ ಹೊರತು ಅದನ್ನು ಪೋಸ್ಟ್ ಮಾಡಿ ಗೊತ್ತಿಲ್ಲ.

"ನಾಳೆನೇ ಕಮಲಾಪುರಕ್ಕ ಹೋಗ್ರಿ," ಎಂದೆ. "ಸುಳಿ ಎಲಿ ಬೇಕು, ಬಲತದ್ದಲ್ಲ. ತುಂಡು ಮಾಡಿ, ನನ್ನ ಕಪಾಟಿನ್ಯಾಗ ನೀಲಿ ಹರಳಿನ ಡಬ್ಬಿ ಅದ, ಅದರಾಗ ಹಾಕಿ ಬಿಗಿ ಮುಚ್ರಿ. ಇಲ್ಲಿಂದ ಪರವಾನಗಿ ಕಾಗದ ಫ್ಯಾಕ್ಸ್ ಮಾಡ್ಸೀನಿ."

"ಅಲ್ಲ, ಮೊದಲ ಒಯ್ದಿದ್ದು ಏನಾತು?"

"ಅದರ ಸುದ್ದಿ ತೆಗೀಬ್ಯಾಡ್ರಿ."

"ಯಾಕ ಒದರಾಕತ್ತೀ? ನಾ ಏನ್ ಮಾಡೀನಿ?"

ಖರೆ, ಪಾಪ, ಅವರೇನೂ ಮಾಡಿರಲಿಲ್ಲ. ಮುಂಬೈಯಲ್ಲಿ ಆದದ್ದನ್ನು ಹೇಳಿದೆ. ಎರಡು ದಿನ ಬಿಟ್ಟು ಮತ್ತೆ ಮಾಡಿದಾಗ ಅವರೇ ದೊಡ್ಡ ಸಾಹಸ ಮಾಡಿದವರಂತೆ ಮಾತಾಡಿದರು. "ಶರಣಮ್ಮ ಭಾಳ ಸಿಟ್ಟಾಗ್ಯಾಳ. ನಮ್ಮ ಎಲಿ ಕೆಡಿಸಿದವನ ಕೈಗಿ ಹುಳ ಬೀಳ್ಲಿ ಅಂದ್ಲು. ನನ್ನ ಕೂಡ್ಸಿ ಉಣಿಸಿ, ತಾನೇ ಸುಳಿ ಕೊಯ್ದು ಕೊಟ್ಟಾಳ. ಪೋಸ್ಟಿನ್ಯಾಗ ಒಳಗೇನದ ಅಂತ ಕೇಳಿದ್ರು. ಬಾಳಿ ಎಲಿ ಅಂದೆ. ನಕ್ಕೊಂತ ಶಿಕ್ಕಾ ಹೊಡದ್ರು."

"ನಗಲಿ ಬಿಡ್ರಿ. ಹೋತಲ್ಲ?"

"ಹೋಗ್ಯಾದ. ನೀ ಮೊದಲ ಸ್ವೆಟರ್ ಹಾಕ್ಕೋ."

ಫಿಲಂ

ಎಲೆ ಬಂತು. ಬಿಚ್ಚಿದರೆ ಕಡ್ಡಿಯಂತೆ ಗರಿಗರಿ ಒಣಗಿತ್ತು, ಹಸಿರು ಹಾಗೇ ಇತ್ತು. ಗ್ರೇಸ್ ಮತ್ತು ನಾನು ಕೂಡಿಯೇ ಅರೆದೆವು, ಸೋಸಿದೆವು. ಹಲಗೆಯ ಮೇಲೆ ಒಂದು ತುದಿಗೆ ಮಳೆಕಾಡಿನ ಜಾತಿ, ಇನ್ನೊಂದು ತುದಿಗೆ ಗಟ್ಟಿ ಜಾತಿ, ನಡುವೆ ಗ್ರೇಸಳ ಉಗಾಂಡಾದ ಬಾಳೆಗಳು, ಗಾಜಿನ ಮನೆಯ ಕೆಂಪು, ಅದರ ಪಕ್ಕಕ್ಕೆ ಕಮಲಾಪುರ.

ಫಿಲಂ ತೊಳೆದು ಬೆಳಕಿನ ಮುಂದೆ ಹಿಡಿದಾಗ ನೋಡಲು ಏನೂ ಕಷ್ಟವಿರಲಿಲ್ಲ. ಕಮಲಾಪುರದ ಪಟ್ಟಿಗಳು ಸ್ಪಷ್ಟವಾಗಿದ್ದವು, ಕಪ್ಪಗೆ, ಸುಂದರವಾಗಿ. ಪಕ್ಕದಲ್ಲಿದ್ದ ಗಾಜಿನ ಮನೆಯ ಕೆಂಪಿನ ಪಟ್ಟಿಗಳ ಜೊತೆ ಒಂದೂ ತಪ್ಪದೆ ಕೂಡುತ್ತಿದ್ದವು. ಗಟ್ಟಿ ಜಾತಿಯ ಸಾಲಿಗೂ ನಮ್ಮದಕ್ಕೂ ಸಂಬಂಧವೇ ಇರಲಿಲ್ಲ. ತಂದೆ ಮಳೆಕಾಡಿನವನೇ. ನಾನು ಇಷ್ಟು ವರ್ಷ ನಂಬಿದ್ದ ಆ ಬಿಸಿಲಿನ ಒಲೆ ಅಲ್ಲಿರಲಿಲ್ಲ.

ಗ್ರೇಸ್ ನನ್ನ ಬೆನ್ನ ಮೇಲೆ ಕೈಯಿಟ್ಟಳು. ನಾನು ಗಾಜಿನ ಮನೆಗೆ ಹೋಗಿ ಆ ಹರಿಯದ ಎಲೆಗಳ ನಡುವೆ ನಿಂತೆ. ಅಳು ಬಂತು. ಕಮಲಾಪುರದ ಗಾಳಿಗೆ ಎಲೆಯೆಲ್ಲ ಚಿಂದಿಯಾಗಿ, ಬೇಸಿಗೆಯಲ್ಲಿ ಅಂಚು ಸುಟ್ಟು, ಆದರೂ ಹಣ್ಣು ಕೊಡುವ ಗಿಡ, ಮತ್ತು ಇಲ್ಲಿ ಕುಂಡದಲ್ಲಿ ಸೆಕೆ ಕೊಟ್ಟು ಸಾಕಿದ ಗಿಡ, ಎರಡೂ ಒಂದೇ ಎಂದು ಒಪ್ಪಿಕೊಳ್ಳುವುದು ಹೇಗೆ? ಆದರೆ ಫಿಲಂ ನಾನೇ ಮಾಡಿದ್ದು. ಒಪ್ಪಲೇಬೇಕು.

ಹೆಂಕ್ ಅಲ್ಲಿಗೇ ಹುಡುಕಿಕೊಂಡು ಬಂದರು. ಅವರ ಮುಖದಲ್ಲಿ ಕುಚೋದ್ಯವೇನೂ ಇರಲಿಲ್ಲ. ಆದರೂ ಹೇಳದೆ ಇರಲಾರದೆ, "ನಾನು ಮೊದಲೇ ಹೇಳಿದ್ದೆ," ಎಂದರು.

"ನೀವು ಹೇಳಿದ್ದಿರಿ," ಎಂದೆ ಕಣ್ಣೊರೆಸಿಕೊಂಡು. "ಅದು ನಿಜವಾಯಿತು. ಆದರೆ ನೀವು ಹೇಳಿದ ದಿನ ಅದು ನಿಜ ಎಂದು ನಿಮಗೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ನಾನು ನೋಡಿದ್ದರಿಂದ."

ಅವರು, ಇದನ್ನು ಕೂಡಿಯೇ ಬರೆಯೋಣ, ಗ್ರೇಸಳ ಫಲಿತಾಂಶ, ನಿಮ್ಮದು, ಒಂದೇ ಲೇಖನದಲ್ಲಿ, ಎಂದರು. ಉಗಾಂಡಾದ ಬಾಳೆಗಳಿಗೆ ಅವುಗಳ ಊರಿನ ಹೆಸರನ್ನೇ ಇಡಬೇಕು ಎಂದು ನಾನು ಷರತ್ತು ಹಾಕಿದೆ. ಬಾಗಿಲಲ್ಲಿ ನಿಂತಿದ್ದ ಗ್ರೇಸ್, "ನಾನೇ ಕೇಳಬೇಕೆಂದಿದ್ದೆ," ಎಂದಳು. "ಕೇಳು ಮತ್ತೆ," ಎಂದೆ. ಕೇಳಿದಳು.

ಮತ್ತೆ ಕಮಲಾಪುರ

ಊರಿಗೆ ಬಂದು ಸುಧಾರಿಸಿಕೊಳ್ಳಲು ಒಂದು ವಾರ ಬೇಕಾಯಿತು. ಕಾಲೇಜಿನಲ್ಲಿ ಎಲ್ಲರೂ ಕೇಳಿದ್ದು ಒಂದೇ, ವಿಮಾನದಲ್ಲಿ ಊಟ ಏನು ಕೊಟ್ಟರು. ಶರಣಮ್ಮನ ಹತ್ತಿರ ಹೋಗುವುದನ್ನು ಮುಂದೂಡುತ್ತ ಬಂದೆ. ಕಡೆಗೆ ಒಂದು ಭಾನುವಾರ ಬಸ್ಸು ಹತ್ತಿದೆ.

ಆಕೆ ಗೊನೆಗೆ ಆಸರೆ ಕೋಲು ಕೊಡಿಸುತ್ತಿದ್ದಳು. ನನ್ನನ್ನು ಕಂಡು ಕೆಲಸದವರನ್ನು ಬಿಟ್ಟು ಬಂದಳು. ಬದುವಿನ ಮೇಲೆ ಕೂತೆವು.

"ಏನಂದ್ರು ಬಾಯಾರ ನಮ್ಮ ಬಾಳೀಗಿ?"

"ಇದರ ತಂದಿ ದೂರದ ಮಳಿಕಾಡಿನವ ಅಂತ ಗೊತ್ತಾತು ಶರಣಮ್ಮ."

"ಬಾಳೀಗಿ ತಂದಿ ಎಲ್ಲಿದ್ದಾನ್ರೀ?" ಎಂದು ನಕ್ಕಳು. "ತಾಯಿ ಬುಡಕ್ಕ ಮರಿ ಬರ್ತಾವ, ಕಿತ್ತಿ ಹಚ್ತೀವಿ. ಗಂಡಸಿನ ಸುದ್ದೀನೇ ಇಲ್ಲ."

ಬಾಳೆಗೆ ಬೀಜವಿದ್ದ ಕಾಲದಲ್ಲಿ, ಎಂದೋ ಒಮ್ಮೆ ಬಿದ್ದ ಪರಾಗದ ಗುರುತು ಪ್ರತಿಯೊಂದು ಮರಿಯಲ್ಲೂ ಉಳಿದಿದೆ ಎಂದು ತಿಳಿಸಿ ಹೇಳಿದೆ. ಆಕೆ ಅದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ನಾನು ಉಳಿದದ್ದನ್ನೂ ಹೇಳಿದೆ. "ಅವರ ಕಡೆ ಒಂದು ಕೆಂಪ ಬಾಳಿ ಅದ. ನಮ್ಮದು ಅದರ ಹಂಗೇ ಅದ ಅಂತ ಬಂತು. ಬ್ಯಾರೆ ಅಲ್ಲ."

ಶರಣಮ್ಮನ ಮುಖ ಬಿಗಿಯಿತು. "ಅವರು ಹಂಗಂದ್ರಾ, ನೀವು ಹಂಗಂದ್ರಿ?"

"ನಾನೇ ನೋಡೀನಿ. ಖರೇನೇ ಅದ."

"ಖರೆ ಇರ್ಲಿ ಬಿಡ್ರಿ. ಖರೆ ಬ್ಯಾಡ ಅಂತ ಯಾರಂದ್ರು?" ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಎದ್ದು ನಿಂತಳು. ನನಗಿಂತ ಹೆಚ್ಚು ಸಿಟ್ಟು ಬಂದಿತ್ತು. "ಆದ್ರ ನಮ್ಮದು ಅವರದರ ಹಂಗ ಅದ ಅಂತ ಯಾಕಂತೀರಿ? ಅವರದು ನಮ್ಮದರ ಹಂಗ ಅದ ಅನ್ರಿ!"

ಬಸ್ಸಿನಲ್ಲಿ ಕೂತು ಕಲಬುರಗಿ ಮುಟ್ಟುವವರೆಗೂ ಆ ಮಾತೇ ಕಿವಿಯಲ್ಲಿತ್ತು. ಮನೆಗೆ ಬಂದವಳೇ ಹೆಂಕ್ ಕಳಿಸಿದ್ದ ಲೇಖನದ ಕರಡು ತೆಗೆದೆ. "ಕಮಲಾಪುರದ ಮಾದರಿಯು ನಮ್ಮ ಸಂಗ್ರಹದ ಕೆಂಪು ಬಾಳೆಯನ್ನು ಹೋಲುತ್ತದೆ" ಎಂದಿತ್ತು. ಹೊಡೆದುಹಾಕಿ, "ನಿಮ್ಮ ಸಂಗ್ರಹದ ಕೆಂಪು ಬಾಳೆಯು ಕಮಲಾಪುರದ ಬಾಳೆಯನ್ನು ಹೋಲುತ್ತದೆ" ಎಂದು ಬರೆದು ಕಳಿಸಿದೆ. ಮುಂದಿನ ಕರಡಿನಲ್ಲಿ ಹೆಂಕ್ ಅದನ್ನು ಮೊದಲಿನಂತೆ ತಿರುಗಿಸಿದ್ದರು. ಅರ್ಥ ಎರಡರದೂ ಒಂದೇ ಅಲ್ಲವೇ ಎಂದು ಅಂಚಿನಲ್ಲಿ ಕೇಳಿದ್ದರು. ನಾನು ಮತ್ತೆ ತಿರುಗಿಸಿದೆ. ಒಂದೇ ಆಗಿದ್ದರೆ ಹೀಗೇ ಇರಲಿ ಎಂದು ಅದರ ಕೆಳಗೆ ಬರೆದೆ.

ಲೇಖನ ಅಚ್ಚಾಗಿ ಬಂದಾಗ ಮೊದಲು ಆ ಸಾಲನ್ನೇ ಹುಡುಕಿದೆ. "ನಿಮ್ಮ" ಎಂಬುದನ್ನು ಮಾತ್ರ ತೆಗೆದಿದ್ದರು. ಕಮಲಾಪುರವನ್ನು ಮುಟ್ಟಿರಲಿಲ್ಲ.